ವಿಳಾಸ ಸಿಕ್ಕಿತು, ಬಾಗಿಲು ತೆರೆಯಿತೆ?

ಅಮೆರಿಕದ ಮಿಲ್ವಾಕಿ ನಗರದಲ್ಲಿ ಏಳು ವರ್ಷದ ಬಾಲಕನೊಬ್ಬನಿಗೆ ಟ್ರಕ್ಕು ಬಡಿದು ಬೆನ್ನೆಲುಬು ಮುರಿಯಿತು. ಪ್ರಾಣವೇನೋ ಉಳಿಯಿತು. ಆದರೆ ಬೆನ್ನು ಗೂನಾಯಿತು. ಮೈ ಬೆಳೆದದ್ದು ನಾಲ್ಕಡಿಯ ಆಸುಪಾಸಿಗಷ್ಟೆ. ಓರಗೆಯವರು ಮೈದಾನದಲ್ಲಿ ಚೆಂಡಾಡುತ್ತಿದ್ದಾಗ ಈತ ಪುಸ್ತಕ ಹಿಡಿದು ಹಾಸಿಗೆಯಲ್ಲಿರುತ್ತಿದ್ದ. 1910ರಲ್ಲಿ ಹುಟ್ಟಿದ ಈ ರೇಮಂಡ್ ಪಾಮರ್ ಹದಿನೈದರ ಹುಡುಗನಾಗಿದ್ದಾಗ, 1926ರ ಏಪ್ರಿಲ್‌ನಲ್ಲಿ, ‘ಅಮೇಜಿಂಗ್ ಸ್ಟೋರೀಸ್’ ಎಂಬ ಹೊಸ ಮಾಸಪತ್ರಿಕೆ ಅಂಗಡಿಗಳಿಗೆ ಬಂತು. ಬೆಲೆ 25 ಸೆಂಟ್. ಇಂಗ್ಲಿಷಿನಲ್ಲಿ ವಿಜ್ಞಾನ ಕಲ್ಪನೆಯ ಕತೆಗಳಿಗೇ ಮೀಸಲಾದ ಮೊದಲ ಪತ್ರಿಕೆ ಅದು.

ಅದನ್ನು ಹೊರತಂದ ಹ್ಯೂಗೋ ಗರ್ನ್ಸ್‌ಬ್ಯಾಕ್ 1904ರಲ್ಲಿ ಲಕ್ಸೆಂಬರ್ಗಿನಿಂದ ವಲಸೆ ಬಂದವನು. ರೇಡಿಯೊ ಬಿಡಿಭಾಗಗಳನ್ನು ಮಾರಿ ಬದುಕು ಕಟ್ಟಿಕೊಂಡವನು. ಲೇಖಕರಿಗೆ ಸಂಭಾವನೆ ಕೊಡುವುದರಲ್ಲಿ ಕೈ ಬಹಳ ಬಿಗಿ ಎಂಬ ಅಪಖ್ಯಾತಿ ಅವನಿಗಿತ್ತು. ಆದರೆ 1927ರ ಜನವರಿಯಿಂದ ಅವನ ಪತ್ರಿಕೆಯಲ್ಲಿ ಓದುಗರ ಪತ್ರಗಳಿಗೆಂದು ಒಂದು ಅಂಕಣ ಆರಂಭವಾಯಿತು. ಆ ಅಂಕಣ ಪತ್ರ ಬರೆದವರ ಹೆಸರಿನ ಜೊತೆಗೆ ಮನೆಯ ನಂಬರು, ಬೀದಿ, ಊರು ಎಲ್ಲವನ್ನೂ ಅಚ್ಚು ಹಾಕಿತು.

ಮೇಲುನೋಟಕ್ಕೆ ಇದೇನು ದೊಡ್ಡ ಸಂಗತಿಯಲ್ಲ. ನಮ್ಮ ಪತ್ರಿಕೆಗಳ ವಾಚಕರ ಪತ್ರಗಳ ಕೆಳಗೆ ಹೆಸರು, ಊರು ಇರುತ್ತವೆ, ಅಷ್ಟೆ. ಪತ್ರ ಓದಿ ‘ಅರೆ, ಇವನು ನನ್ನ ಹಾಗೆಯೇ ಯೋಚಿಸುತ್ತಾನಲ್ಲ’ ಎನಿಸಿದರೂ ಆ ಊರಿಗೆ ಹೋಗಿ ಹುಡುಕುವವರಾರು? ಗರ್ನ್ಸ್‌ಬ್ಯಾಕ್‌ನ ಓದುಗರಿಗೆ ಆ ತೊಂದರೆ ಇರಲಿಲ್ಲ. ಎರಡು ಸೆಂಟಿನ ಅಂಚೆಚೀಟಿ ಸಾಕಿತ್ತು. ಸಂಪಾದಕರಿಗೆ ಬರೆಯುತ್ತಿದ್ದವರು ಪರಸ್ಪರ ಬರೆಯತೊಡಗಿದರು. ಮಂಗಳ ಗ್ರಹದ ಕತೆ ಓದುತ್ತಾನೆಂದು ಮನೆಯವರಿಂದ ಬೈಸಿಕೊಂಡು, ಶಾಲೆಯಲ್ಲಿ ನಗೆಪಾಟಲಾದ ಹುಡುಗನಿಗೆ ಐನೂರು ಮೈಲಿ ಆಚೆ ಅಂಥದೇ ಇನ್ನೊಬ್ಬನಿದ್ದಾನೆ ಎಂದು ಗೊತ್ತಾಯಿತು. ಓದಿದ ಕತೆಯ ಬಗ್ಗೆ ಮಾತನಾಡಲು ಯಾರೂ ಇಲ್ಲದಿರುವುದೂ ಒಂದು ಬಗೆಯ ಒಂಟಿತನವೇ. ಅದನ್ನು ಅನುಭವಿಸಿದವರಿಗೆ ಆ ಮೊದಲ ಲಕೋಟೆಯ ಬೆಲೆ ಗೊತ್ತಿರುತ್ತದೆ.

ಪಾಮರ್‌ಗೂ ಹೀಗೆ ಗೆಳೆಯರು ಸಿಕ್ಕರು. ಪತ್ರ ಬರೆಯುವವರೆಲ್ಲ ಸೇರಿ ಕಟ್ಟಿದ ಸಂಘದ ಪರವಾಗಿ 1930ರ ಮೇ ತಿಂಗಳಲ್ಲಿ ಅವನು ‘ದ ಕಾಮೆಟ್’ ಎಂಬ ಪುಟ್ಟ ಪತ್ರಿಕೆಯನ್ನು ಹೊರತಂದ. ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಹಂಚುವ ಇಂಥ ಅಭಿಮಾನಿ ಪತ್ರಿಕೆಗಳಲ್ಲಿ ಇದೇ ಮೊದಲನೆಯದೆಂದು ಎಣಿಕೆ. ಇವಕ್ಕೆ ಹತ್ತು ವರ್ಷದ ನಂತರ ‘ಫ್ಯಾನ್‌ಜೀನ್’ ಎಂದು ಹೆಸರು ಕೊಟ್ಟ ರಸ್ ಶಾವನೆ ಬಾಲ್ಯದಲ್ಲೇ ಕಿವಿ ಕೇಳಿಸದಂತಾದವರು, ಚದುರಂಗದಲ್ಲಿ ಕಿವುಡರ ರಾಷ್ಟ್ರೀಯ ಚಾಂಪಿಯನ್ ಆದವರು. ಬೆನ್ನು ಗೂನಾದವನಿಗೂ ಕಿವಿ ಕೇಳಿಸದವನಿಗೂ ಕಾಗದದ ಮೇಲಿನ ಈ ಊರಿನಲ್ಲಿ ಸಮಾನ ಜಾಗವಿತ್ತು. 1938ರಲ್ಲಿ ಪಾಮರ್ ಅದೇ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಗೆ ಸಂಪಾದಕನಾದ. ಬ್ರೂಕ್ಲಿನ್ನಿನ ಮಿಠಾಯಿ ಅಂಗಡಿಯವನ ಮಗನೊಬ್ಬ ಕಳಿಸಿದ, ವೆಸ್ಟಾ ಕ್ಷುದ್ರಗ್ರಹದ ಬಳಿ ಸಿಕ್ಕಿಬಿದ್ದ ಗಗನನೌಕೆಯ ಕತೆಯನ್ನು ಸ್ವೀಕರಿಸಿದ. ಅಂಗಡಿಯವನ ಮಗನ ಹೆಸರು ಐಸಾಕ್ ಅಸಿಮೋವ್. ಅವನ ಅಚ್ಚಾದ ಮೊದಲ ಕತೆ ಅದು. ಇನ್ನೊಂದು ಸ್ವಾರಸ್ಯವೂ ಇದೆ. ಪತ್ರಮೈತ್ರಿಯ ಕಾಲದ ಜೂಲಿಯಸ್ ಶ್ವಾರ್ಟ್ಸ್ ಮುಂದೆ ಕಾಮಿಕ್ಸ್ ಸಂಪಾದಕರಾದರು. ಬೇಕೆಂದಾಗ ಅಣುವಿನಷ್ಟು ಚಿಕ್ಕವನಾಗಬಲ್ಲ ‘ಆಟಂ’ ಎಂಬ ಸಾಹಸಿಗೆ 1961ರಲ್ಲಿ ರೇ ಪಾಮರ್ ಎಂದೇ ಹೆಸರಿಟ್ಟರು.

ನ್ಯೂಯಾರ್ಕಿನಲ್ಲಿ 1929ರ ಕೊನೆಗೆ ಹುಟ್ಟಿದ ‘ಸೈಯನ್ಸಿಯರ್ಸ್’ ಎಂಬ ಸಂಘದ ಕತೆ ಇನ್ನೂ ಸೋಜಿಗದ್ದು. ಹತ್ತಾರು ಹದಿಹರೆಯದ ಬಿಳಿಯ ಹುಡುಗರಿದ್ದ ಆ ಸಂಘದ ಮೊದಲ ಅಧ್ಯಕ್ಷ ಹಾರ್ಲೆಮ್‌ನ ಕರಿಯ ಯುವಕ. ಸಭೆಗಳು ನಡೆಯುತ್ತಿದ್ದುದು ಅವನ ಮನೆಯಲ್ಲೇ. ಬಸ್ಸಿನಲ್ಲಿ, ಶಾಲೆಯಲ್ಲಿ, ಹೋಟೆಲಿನಲ್ಲಿ ಬಣ್ಣ ನೋಡಿ ಜಾಗ ಕೊಡುತ್ತಿದ್ದ ದೇಶದಲ್ಲಿ ಇದು ನಡೆಯಿತು.

ಅಟ್ಲಾಂಟಿಕ್ಕಿನ ಆಚೆ ದಡದಲ್ಲೂ ಇದೇ ಹುಚ್ಚು ಹಬ್ಬಿತ್ತು. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳು ಹಡಗಿನ ತಳಭಾರವಾಗಿ ಇಂಗ್ಲೆಂಡಿಗೆ ಬಂದು ವುಲ್‌ವರ್ತ್ ಅಂಗಡಿಗಳಲ್ಲಿ ಮೂರು ಪೆನ್ನಿಗೆ ಬಿಕರಿಯಾಗುತ್ತಿದ್ದವಂತೆ. ಅವುಗಳಿಗಾಗಿ ಊಟದ ಬಿಡುವಿನಲ್ಲಿ ಅಂಗಡಿಗೆ ಓಡುತ್ತಿದ್ದವನು ಸೋಮರ್ಸೆಟ್ಟಿನ ರೈತ ಕುಟುಂಬದ ಹುಡುಗ ಆರ್ಥರ್ ಕ್ಲಾರ್ಕ್. 1937ರ ಜನವರಿ 3ರಂದು ಲೀಡ್ಸ್ ನಗರದ ಥಿಯೊಸಾಫಿಕಲ್ ಹಾಲ್‌ನಲ್ಲಿ ಅಭಿಮಾನಿಗಳ ಸಮ್ಮೇಳನ ನಡೆದಾಗ ಬಂದವರು ಹೆಚ್ಚೆಂದರೆ ಇಪ್ಪತ್ತು ಜನ. ಅವರಲ್ಲಿ ಕ್ಲಾರ್ಕ್ ಒಬ್ಬರು. ಗೆಳೆಯರು ಅವರಿಗೆ ಇಟ್ಟಿದ್ದ ಅಡ್ಡಹೆಸರು ‘ಈಗೊ’; ಕಾರಣ ಊಹಿಸುವುದು ಕಷ್ಟವಲ್ಲ. 1945ರಲ್ಲಿ ಇದೇ ಕ್ಲಾರ್ಕ್, ಸಮಭಾಜಕದ ಮೇಲೆ ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವ ಉಪಗ್ರಹಗಳಿಂದ ಪ್ರಪಂಚಕ್ಕೆಲ್ಲ ಪ್ರಸಾರ ಮಾಡಬಹುದೆಂದು ಬರೆದರು. 1975-76ರಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಟೆಲಿವಿಷನ್ ಕಂಡದ್ದು ಆ ತತ್ವದಿಂದಲೇ. ಕತೆ ಓದುವ ಹುಡುಗರ ಕೂಟ ಬರೀ ಕಾಲಹರಣವೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಗಲಾಟೆ ಹುಡುಗನಿಗೂ ಒಂದು ಕುರ್ಚಿ

ಲಾಸ್ ಏಂಜಲೀಸ್‌ನ ಪೇಟೆಬೀದಿಯಲ್ಲಿ ಕ್ಲಿಫ್ಟನ್ಸ್ ಕೆಫೆಟೇರಿಯಾ ಎಂಬ ಹೋಟೆಲಿತ್ತು. ಕೈಯಲ್ಲಿ ದುಡ್ಡಿಲ್ಲದವರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂಬುದು ಅದರ ಮಾಲೀಕನ ನಿಯಮ. ಅದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲ. ಆ ಊರಿನ ವಿಜ್ಞಾನ ಕಲ್ಪನಾ ಸಂಘ ಪ್ರತಿ ಗುರುವಾರ ಸಂಜೆ ಅಲ್ಲಿ ಸೇರುತ್ತಿತ್ತು. 1937ರಲ್ಲಿ ಅಲ್ಲಿಗೆ ಹದಿನೇಳರ ಹುಡುಗನೊಬ್ಬ ಬಂದ. ದಪ್ಪ ಕನ್ನಡಕ, ಹಳೆಯ ಬಟ್ಟೆ. ಹೈಸ್ಕೂಲು ಮುಗಿಸಿದ ಮೇಲೆ ಕಾಲೇಜಿಗೆ ಹೋಗಲು ಹಣವಿಲ್ಲದೆ ಬೀದಿ ಮೂಲೆಯಲ್ಲಿ ಪೇಪರ್ ಮಾರಿದವನು. ಹೆಸರು ರೇ ಬ್ರಾಡ್‌ಬರಿ.

ಬ್ರಾಡ್‌ಬರಿ ಸುಲಭದ ಅತಿಥಿಯಾಗಿರಲಿಲ್ಲ. ಸದಾ ಗಲಾಟೆ, ಸಿನಿಮಾ ನಟರ ಅನುಕರಣೆ, ಮಾತಿನ ನಡುವೆ ಬಾಯಿ ಹಾಕುವುದು. ಅವನ ಕತ್ತು ಹಿಸುಕಿಬಿಡಬೇಕು ಅನಿಸುತ್ತಿತ್ತೆಂದು ಹಿರಿಯರು ಮುಂದೆ ನಗುತ್ತ ನೆನೆದದ್ದುಂಟು. ಆದರೂ ಯಾರೂ ಹೊರಗಟ್ಟಲಿಲ್ಲ. ಲೇಖಕಿ ಲೀ ಬ್ರಾಕೆಟ್ ಅವನ ಹಸ್ತಪ್ರತಿಗಳನ್ನು ಓದಿ ತಿದ್ದಿದರು. ಸಂಘದ ಫಾರೆಸ್ಟ್ ಆಕರ್ಮನ್ 1938ರಲ್ಲಿ ಅವನ ಮೊದಲ ಕತೆಯನ್ನು ತಮ್ಮ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ಹಾಕಿದರು. ಮರುವರ್ಷ ಅವನದೇ ಪತ್ರಿಕೆಗೆ ದುಡ್ಡು ಕೊಟ್ಟರು. ಅದೂ ಸಾಲದೆಂಬಂತೆ, ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯುವುದೆಂದು ತಿಳಿದಾಗ ಬಸ್ಸಿನ ಖರ್ಚಿಗೆ ಸಾಲ ಕೊಟ್ಟು ಕಳಿಸಿದರು. ಬ್ರಾಡ್‌ಬರಿ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಹೋದ. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಹ್ಯಾನ್ಸ್ ಬಾಕ್ ಎಂಬ ಬಡ ಚಿತ್ರಕಾರ ಗೆಳೆಯನ ಚಿತ್ರಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಸಂಪಾದಕರಿಗೆಲ್ಲ ತೋರಿಸಿದ. ಗೆಳೆಯನಿಗೆ ಕೆಲಸ ಸಿಕ್ಕಿತು. ತನಗೆ ಸಿಕ್ಕ ಸ್ವಾಗತವನ್ನು ಇನ್ನೊಬ್ಬನಿಗೆ ದಾಟಿಸುವುದೆಂದರೆ ಹೀಗೆ.

ಆ ವಿಶ್ವ ಸಮ್ಮೇಳನ ನಡೆದದ್ದು 1939ರ ಜುಲೈ 2ರಂದು, ಮ್ಯಾನ್‌ಹಟನ್‌ನ ಕ್ಯಾರವಾನ್ ಹಾಲ್‌ನಲ್ಲಿ. ಸುಮಾರು ಇನ್ನೂರು ಮಂದಿ ಸೇರಿದ್ದರು. ಆಕರ್ಮನ್ ಬಂದದ್ದು ಭವಿಷ್ಯದ ಮನುಷ್ಯನ ಉಡುಪಿನಲ್ಲಿ, ಮೇಲಂಗಿ ಬೀಸುತ್ತ. ಅದನ್ನು ಹೊಲಿದುಕೊಟ್ಟ ಮರ್ಟಲ್ ಡಗ್ಲಾಸ್ ತಾವೂ ಅಂಥದೇ ಉಡುಗೆಯಲ್ಲಿದ್ದರು. ಇಂದು ಬೆಂಗಳೂರಿನ ಕಾಮಿಕ್ ಮೇಳಗಳಲ್ಲಿ ವೇಷ ಹಾಕಿ ಓಡಾಡುವ ಹುಡುಗ ಹುಡುಗಿಯರ ಮೂಲಪುರುಷ, ಮೂಲಸ್ತ್ರೀ ಇವರೇ.

ಹೊರಗೆ ನಿಂತ ಆರು ಮಂದಿ

ಆದರೆ ಅದೇ ದಿನ ಅದೇ ಹಾಲಿನ ಬಾಗಿಲಲ್ಲಿ ಆರು ಹುಡುಗರನ್ನು ತಡೆದು ನಿಲ್ಲಿಸಲಾಯಿತು. ಡೊನಾಲ್ಡ್ ವೊಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್, ರಾಬರ್ಟ್ ಲೌಂಡ್ಸ್, ಜಾನ್ ಮಿಷೆಲ್, ಜಾಕ್ ಗಿಲೆಸ್ಪಿ. ಇವರೆಲ್ಲ ‘ಫ್ಯೂಚರಿಯನ್ಸ್’ ಎಂಬ ಗುಂಪಿನವರು, ಹೆಚ್ಚಿನವರು ಎಡಪಂಥೀಯರು. ವಿಜ್ಞಾನ ಕಲ್ಪನೆ ಓದುವವರು ಲೋಕವನ್ನು ಬದಲಾಯಿಸಲೂ ಮುಂದಾಗಬೇಕೆಂಬುದು ಅವರ ವಾದ. ಸಂಘಟಕರಾದ ಸ್ಯಾಮ್ ಮಾಸ್ಕೊವಿಟ್ಜ್, ಜೇಮ್ಸ್ ಟಾರಾಸಿ, ವಿಲಿಯಂ ಸೈಕೋರಾ ಅವರಿಗೆ ಆ ರಾಜಕೀಯ ಬೇಡ. ಹಾಲಿನಲ್ಲಿ ಬಚ್ಚಿಟ್ಟ ಕರಪತ್ರಗಳ ಕಟ್ಟು ಸಿಕ್ಕಿತು. ಅದರಲ್ಲಿ ಸಂಘಟಕರ ಸರ್ವಾಧಿಕಾರದ ಬಗ್ಗೆ ಎಚ್ಚರಿಕೆಯಿತ್ತು. ಸಭೆ ಕೆಡಿಸುವುದಿಲ್ಲವೆಂದು ಮಾತು ಕೊಟ್ಟರೆ ಒಳಗೆ ಬಿಡುತ್ತೇವೆ ಎಂದಿದ್ದೆವು ಎಂಬುದು ಸಂಘಟಕರ ಹೇಳಿಕೆ. ಆ ಮಾತು ಕೊಡಲು ಆರು ಮಂದಿ ಸಿದ್ಧರಿರಲಿಲ್ಲ. ತಮಾಷೆಯೆಂದರೆ ಕರಪತ್ರ ಬರೆದ ಡೇವಿಡ್ ಕೈಲ್ ನಿರಾತಂಕವಾಗಿ ಒಳಗೆ ಕುಳಿತಿದ್ದರು. ಅಸಿಮೋವ್ ಕೂಡ ಅದೇ ಗುಂಪಿನವರು. ಆದರೆ ಆ ವೇಳೆಗೆ ಕತೆಗಾರನೆಂಬ ಹೆಸರು ಬಂದಿತ್ತು. ಅವರೂ ಒಳಗೆ ಹೋದರು. ಗೆಳೆಯರನ್ನು ಹೊರಗೆ ಬಿಟ್ಟು ಹೋದದ್ದು ಅವರ ಮನಸ್ಸನ್ನು ಬಹುಕಾಲ ಚುಚ್ಚಿತು.

ಬಾಗಿಲು ಹಾಕಿದ ಮಾಸ್ಕೊವಿಟ್ಜ್‌ಗೂ ಬಾಗಿಲಲ್ಲಿ ನಿಂತ ಪೋಲ್‌ಗೂ ಹತ್ತೊಂಬತ್ತೇ ವರ್ಷ. ಕಾರ್ನ್‌ಬ್ಲೂತ್‌ನದಂತೂ ಅಂದು ಹುಟ್ಟುಹಬ್ಬ. ಹದಿನಾರು ತುಂಬಿದ ದಿನ. ಅವರೆಲ್ಲ ಬೇರೆಡೆ ಮೂದಲಿಕೆ ತಿಂದೇ ಇಲ್ಲಿಗೆ ಬಂದವರು. ತಳ್ಳಿಸಿಕೊಂಡವರು ಇನ್ನೊಬ್ಬರನ್ನು ತಳ್ಳುವುದಿಲ್ಲ ಎಂದು ಯಾರಾದರೂ ನಂಬಿದ್ದರೆ ಆ ನಂಬಿಕೆ ಅಂದು ಮಧ್ಯಾಹ್ನ ಸುಳ್ಳಾಯಿತು. ಮರುವರ್ಷ ವ್ಯಾನ್ ವೋಗ್ಟ್ ಬರೆದ ‘ಸ್ಲಾನ್’ ಕಾದಂಬರಿ ಬಂದಾಗ, ಸಾಮಾನ್ಯರಿಂದ ಕಿರುಕುಳಕ್ಕೊಳಗಾದ ಅಸಾಮಾನ್ಯ ಬುದ್ಧಿಯ ಜನಾಂಗದ ಆ ಕತೆಯನ್ನು ಓದಿ, ‘ನಾವೇ ಆ ಸ್ಲಾನ್‌ಗಳು’ ಎಂದು ಅಭಿಮಾನಿಗಳು ಹೆಮ್ಮೆಪಟ್ಟುಕೊಂಡರು. ನಾವು ಬೇರೆಯವರಿಗಿಂತ ಮೇಲು ಎಂಬ ಭಾವ ಬಂದ ಕೂಟದಲ್ಲಿ ಹೊಸಬನಿಗೆ ಪರೀಕ್ಷೆ ಕಾದಿರುತ್ತದೆ.

ಕಾಗದದ ಮೇಲಿನ ಸಮಾನತೆಯೂ ಪೂರ್ತಿ ನಿಜವಾಗಿರಲಿಲ್ಲ. ಜಾರ್ಜಿಯಾದ ಸವಾನಾದಲ್ಲಿದ್ದ ಲೀ ಹಾಫ್‌ಮನ್ 1950ರಿಂದ ‘ಕ್ವಾಂಡ್ರಿ’ ಎಂಬ ಪತ್ರಿಕೆ ತರುತ್ತಿದ್ದರು. ಅಂದಿನ ಅಭಿಮಾನಿ ಪತ್ರಿಕೆಗಳಲ್ಲೇ ಅದು ಅಚ್ಚುಮೆಚ್ಚಿನದು. 1951ರಲ್ಲಿ ನ್ಯೂ ಆರ್ಲಿಯನ್ಸ್ ಸಮ್ಮೇಳನಕ್ಕೆ ಬಂದಾಗ ಓದುಗರು ತಬ್ಬಿಬ್ಬಾದರು: ಲೀ ಹಾಫ್‌ಮನ್ ಹೆಣ್ಣುಮಗಳು! ಅಷ್ಟು ದಿನ ಬಹುತೇಕ ಎಲ್ಲರೂ ಗಂಡಸೆಂದೇ ತಿಳಿದಿದ್ದರು. ಹಾಫ್‌ಮನ್ ಸುಳ್ಳು ಹೇಳಿರಲಿಲ್ಲ. ಚೆನ್ನಾಗಿ ಬರೆಯುವವನು ಗಂಡಸೇ ಇರಬೇಕೆಂದು ಓದುಗರೇ ಊಹಿಸಿಕೊಂಡಿದ್ದರು. ಅದೇ ದಶಕದಲ್ಲಿ ಕಾರ್ಲ್ ಬ್ರಾಂಡನ್ ಎಂಬ ಕರಿಯ ಅಭಿಮಾನಿ ಲೇಖಕ ಬಹಳ ಜನಪ್ರಿಯನಾದ. ಕೆಲವು ವರ್ಷಗಳ ಬಳಿಕ ಗುಟ್ಟು ರಟ್ಟಾಯಿತು. ಅಂಥ ವ್ಯಕ್ತಿಯೇ ಇರಲಿಲ್ಲ. ಟೆರ್ರಿ ಕಾರ್ ಮತ್ತು ಗೆಳೆಯರು, ಎಲ್ಲರೂ ಬಿಳಿಯರು, ಸೇರಿ ಸೃಷ್ಟಿಸಿದ ಹೆಸರದು. ನಮ್ಮಲ್ಲಿ ಬಣ್ಣಭೇದವಿಲ್ಲ ಎಂದು ಎಲ್ಲರೂ ಹೇಳಿಕೊಳ್ಳುತ್ತಿದ್ದ ಕೂಟದಲ್ಲಿ ಕರಿಯರು ಕಾಣಸಿಗುವುದೇ ಅಪರೂಪವಾಗಿತ್ತು. ಹಾರ್ಲೆಮ್‌ನ ಆ ಮೊದಲ ಅಧ್ಯಕ್ಷನ ಕತೆ ಎಲ್ಲೋ ಮರೆತುಹೋಗಿತ್ತು. 1999ರಲ್ಲಿ ಬಿಳಿಯರಲ್ಲದ ಓದುಗರು, ಲೇಖಕರು ತಮ್ಮದೊಂದು ಸಂಸ್ಥೆ ಕಟ್ಟಿ ಅದಕ್ಕೆ ಕಾರ್ಲ್ ಬ್ರಾಂಡನ್ ಹೆಸರನ್ನೇ ಇಟ್ಟರು. ಅದರಲ್ಲಿ ವಿನೋದವೂ ಇದೆ, ಚುಚ್ಚುಮಾತೂ ಇದೆ.

ನಮ್ಮ ದೇಶದಲ್ಲಿ ಇಂಥ ಕೂಟದ ಒಳ್ಳೆಯ ಉದಾಹರಣೆ ಕಲ್ಕತ್ತೆಯದು. 1963ರಲ್ಲಿ ಅದ್ರೀಶ್ ಬರ್ಧನ್ ‘ಆಶ್ಚರ್ಯ’ ಎಂಬ ಬಂಗಾಳಿ ವಿಜ್ಞಾನ ಕಲ್ಪನಾ ಮಾಸಪತ್ರಿಕೆ ಆರಂಭಿಸಿದರು. 1966ರಲ್ಲಿ ಆ ಬಳಗದವರು ವಿಜ್ಞಾನ ಕಲ್ಪನೆಯ ಚಲನಚಿತ್ರಗಳನ್ನು ನೋಡಲೆಂದೇ ಕ್ಲಬ್ ಕಟ್ಟಿದಾಗ ಅದರ ಅಧ್ಯಕ್ಷರಾದವರು ಸತ್ಯಜಿತ್ ರಾಯ್.

ತಂತಿಯ ಮೇಲೆ ಬಂದ ನೆಂಟರು

ಅದೇ 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ಟೆಲಿವಿಷನ್ನಿನಲ್ಲಿ ‘ಸ್ಟಾರ್ ಟ್ರೆಕ್’ ಶುರುವಾಯಿತು. ಮರುವರ್ಷವೇ ‘ಸ್ಪಾಕನೇಲಿಯಾ’ ಎಂಬ ಅಭಿಮಾನಿ ಪತ್ರಿಕೆ ಬಂತು. ಅದನ್ನು ತಂದವರು ಇಬ್ಬರು ಮಹಿಳೆಯರು. ಧಾರಾವಾಹಿ ನಿಲ್ಲುವ ಸುದ್ದಿ ಬಂದಾಗ ಬೀಜೋ ಟ್ರಿಂಬಲ್ ಮತ್ತು ಪತಿ ಜಾನ್ ದೇಶದ ಮೂಲೆಮೂಲೆಯಿಂದ ಕಾಗದಗಳ ಮಳೆ ಸುರಿಸಿದರು. 1968ರ ಮಾರ್ಚ್‌ನಲ್ಲಿ ಎನ್‌ಬಿಸಿ, ಧಾರಾವಾಹಿ ಮುಂದುವರಿಯುತ್ತದೆ, ದಯವಿಟ್ಟು ಬರೆಯುವುದನ್ನು ನಿಲ್ಲಿಸಿ ಎಂಬರ್ಥದಲ್ಲಿ ಪ್ರಸಾರದಲ್ಲೇ ಹೇಳಬೇಕಾಯಿತು. ಒಟ್ಟು 79 ಕಂತುಗಳ ನಂತರ 1969ರಲ್ಲಿ ಅದು ನಿಂತಿತು, ಅಭಿಮಾನಿಗಳು ನಿಲ್ಲಲಿಲ್ಲ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲಿನಲ್ಲಿ ಸಮ್ಮೇಳನ ಕರೆದವರು ಕೆಲವು ನೂರು ಜನ ಬಂದಾರೆಂದು ಎಣಿಸಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಹಳೆಯ ಪುಸ್ತಕಪ್ರಿಯ ಅಭಿಮಾನಿಗಳು ಇವರನ್ನು ಟಿವಿ ನೋಡಿ ಬಂದವರೆಂದು ಹಗುರವಾಗಿ ಕಂಡರು. ಆ ಅವಹೇಳನಕ್ಕೆ ಹೆಚ್ಚು ಗುರಿಯಾದವರು ಹೆಂಗಸರು. ಅವರು ತಮ್ಮದೇ ಮನೆ ಕಟ್ಟಿಕೊಂಡರು.

ಈ ಹೊತ್ತಿಗೆ ಅಂಚೆಗಿಂತ ವೇಗದ ವಾಹನ ಸಿದ್ಧವಾಗಿತ್ತು. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಹಬ್ಬಿದ ಅರ್ಪಾನೆಟ್ ಕಂಪ್ಯೂಟರ್ ಜಾಲದಲ್ಲಿ 1979ರಲ್ಲಿ ‘ಎಸ್‌ಎಫ್-ಲವರ್ಸ್’ ಎಂಬ ಪತ್ರಬಳಗ ಹುಟ್ಟಿತು. ಸರ್ಕಾರಿ ಸಂಶೋಧನೆಗೆ ಇಟ್ಟ ತಂತಿಯ ಮೇಲೆ ಗಗನನೌಕೆಗಳ ಹರಟೆ! ಸಂಜೆ ಬರೆದರೆ ಬೆಳಗಾಗುವಷ್ಟರಲ್ಲಿ ನೂರಾರು ಜನರಿಗೆ ತಲುಪುತ್ತಿತ್ತು. ಕತೆಯ ಗುಟ್ಟು ಬಯಲು ಮಾಡುವ ಮುನ್ನ ಎಚ್ಚರಿಕೆ ಕೊಡುವ ಪದ್ಧತಿ ಇಲ್ಲಿ ಬೇಗನೆ ರೂಢಿಗೆ ಬಂತು. ಮುಂದೆ ಬಂದ ಯೂಸ್‌ನೆಟ್ ಎಂಬ ಜಾಲದಲ್ಲಿ ಇದಕ್ಕೊಂದು ಚೆಂದದ ಉಪಾಯವಿತ್ತು. ಇಂಗ್ಲಿಷಿನ 26 ಅಕ್ಷರಗಳಲ್ಲಿ ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ಸರಿಸಿ ಬರೆಯುವುದು. ಓದಬೇಕೆನಿಸಿದವರು ಮತ್ತೆ 13 ಸ್ಥಾನ ಸರಿಸಿದರೆ ಮೂಲ ಬರಹ ಸಿಗುತ್ತದೆ. ಇದು ರಹಸ್ಯ ಲಿಪಿಯಲ್ಲ, ಯಾರು ಬೇಕಾದರೂ ಬಿಡಿಸಬಹುದು. ಇದೊಂದು ಶಿಷ್ಟಾಚಾರ: ಇನ್ನೂ ಸಿನಿಮಾ ನೋಡದವನ ಸಂತೋಷವನ್ನು ಕಾಪಾಡುವುದು.

ಕಾಣದ ಊರಿನಲ್ಲಿದ್ದವರಿಗೂ ಈ ಜಾಲ ಗೆಳೆಯರನ್ನು ಕೊಟ್ಟಿತು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದ ಭಾರತೀಯರು 1990ರ ದಶಕದಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳಿಗಾಗಿಯೇ ಒಂದು ಗುಂಪು ಮಾಡಿಕೊಂಡು, ನೆನಪಿನಿಂದ, ಕ್ಯಾಸೆಟ್ಟಿನಿಂದ ಹಾಡುಗಳನ್ನು ಅಕ್ಷರಕ್ಕಿಳಿಸಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಆದರೆ 1939ರ ಬಾಗಿಲು ಇಲ್ಲಿಯೂ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಸೇರುತ್ತಿದ್ದರು. ಯೂಸ್‌ನೆಟ್‌ಗೆ ನುಗ್ಗಿ ಕೇಳಿದ್ದನ್ನೇ ಕೇಳುತ್ತಿದ್ದರು. ಹಳಬರು ಗೊಣಗುತ್ತ, ಕೆಲವೊಮ್ಮೆ ಗದರುತ್ತ, ಅಕ್ಟೋಬರ್ ಹೊತ್ತಿಗೆ ಅವರಿಗೆ ರೀತಿನೀತಿ ಕಲಿಸುತ್ತಿದ್ದರು. 1993-94ರಲ್ಲಿ ಅಮೆರಿಕ ಆನ್‌ಲೈನ್‌ನಂಥ ಕಂಪೆನಿಗಳು ತಮ್ಮ ಲಕ್ಷಾಂತರ ಚಂದಾದಾರರಿಗೆ ಯೂಸ್‌ನೆಟ್ ತೆರೆದವು. ಹೊಸಬರು ವರ್ಷವಿಡೀ ಬರತೊಡಗಿದರು. ಹಳಬರು ಇದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದು ಹಲುಬಿದರು. ಹಲುಬಿದವರೆಲ್ಲ ತಾವೂ ಒಂದು ಸೆಪ್ಟೆಂಬರ್‌ನಲ್ಲೇ ಬಂದವರೆಂಬುದನ್ನು ಮರೆತಿದ್ದರು. ಇನ್ನು ಕೆಲವರು ಗೊಣಗುವ ಬದಲು, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕುವ ಕೆಲಸ ಹಿಡಿದರು. ಇಂದು ಬ್ಯಾಂಕಿನಿಂದ ರೈಲ್ವೆಯವರೆಗೆ ಎಲ್ಲೆಲ್ಲೂ ಕಾಣುವ ‘ಎಫ್‌ಎಕ್ಯೂ’ ರೂಢಿಯಾದದ್ದು ಹೀಗೆ, ಅಂಥವರ ತಾಳ್ಮೆಯಿಂದ.

ಮನೆ ಬೇರೆಯವರದಾದರೆ ಬಾಗಿಲ ಬೀಗವೂ ಬೇರೆಯವರ ಕೈಯಲ್ಲಿರುತ್ತದೆ. 2007ರ ಮೇ ತಿಂಗಳಲ್ಲಿ ಲೈವ್‌ಜರ್ನಲ್ ಎಂಬ ತಾಣವು ನೂರಾರು ಖಾತೆಗಳನ್ನು ಏಕಾಏಕಿ ಮುಚ್ಚಿತು. ಅವುಗಳಲ್ಲಿ ತಮ್ಮ ಪ್ರಿಯ ಪಾತ್ರಗಳ ಬಗ್ಗೆ ಕತೆ ಬರೆಯುತ್ತಿದ್ದವರ, ಓದುತ್ತಿದ್ದವರ ಪುಟಗಳೂ ಇದ್ದವು. ವರ್ಷಗಳ ಗೆಳೆತನದ ದಾಖಲೆ ರಾತ್ರೋರಾತ್ರಿ ಇಲ್ಲವಾಗುವುದೆಂದರೇನೆಂದು ಆಗ ತಿಳಿಯಿತು. ಅದೇ ವರ್ಷ ಅಭಿಮಾನಿಗಳು ಲಾಭದಾಸೆಯಿಲ್ಲದ ಸ್ವಂತ ಸಂಸ್ಥೆ ಕಟ್ಟಿದರು. 2009ರ ನವೆಂಬರ್‌ನಲ್ಲಿ ಅವರ ‘ಆರ್ಕೈವ್ ಆಫ್ ಅವರ್ ಓನ್’ ತಾಣ ಎಲ್ಲರಿಗೂ ತೆರೆಯಿತು. ಜಾಹೀರಾತಿಲ್ಲ, ಶುಲ್ಕವಿಲ್ಲ, ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತದೆ. ಅಲ್ಲಿನ ಬರಹಗಳಿಗೆ ಬರೆದವರು ಅಂಟಿಸುವ ಸಾವಿರಾರು ಬಗೆಯ ಗುರುತುಚೀಟಿಗಳನ್ನು ಹೊಂದಿಸಿ ಜೋಡಿಸುವುದೇ ಕೆಲವು ಸ್ವಯಂಸೇವಕರ ಕೆಲಸ. ಹುಡುಕಿ ಬಂದವನಿಗೆ ತನ್ನಂಥವರು ಸಿಗಬೇಕಾದರೆ ಯಾರಾದರೊಬ್ಬರು ಕಪಾಟು ಜೋಡಿಸಬೇಕಲ್ಲ. 2019ರಲ್ಲಿ ಡಬ್ಲಿನ್‌ನ ವಿಶ್ವ ಸಮ್ಮೇಳನದಲ್ಲಿ ಈ ತಾಣಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಪ್ರಶಸ್ತಿ ಸ್ವೀಕರಿಸಿದ ಲೇಖಕಿ ನಯೋಮಿ ನೋವಿಕ್, ಇದರಲ್ಲಿ ಪಾಲುಳ್ಳವರೆಲ್ಲ ಎದ್ದು ನಿಲ್ಲಬೇಕೆಂದು ಕೋರಿದಾಗ ಸಭಾಂಗಣದ ಉದ್ದಗಲಕ್ಕೂ ಜನ ಎದ್ದು ನಿಂತರು.

ಇಂದು ಯಾವ ಹುಚ್ಚಿನವನಿಗೂ ಜೊತೆಗಾರರ ಕೊರತೆಯಿಲ್ಲ. ಹಳೆಯ ಕನ್ನಡ ಚಿತ್ರಗೀತೆಯಿರಲಿ, ಜಪಾನಿನ ಚಿತ್ರಕತೆಯಿರಲಿ, ಫೋನಿನಲ್ಲಿ ನಾಲ್ಕಕ್ಷರ ಒತ್ತಿದರೆ ಹತ್ತು ಗುಂಪುಗಳು ಎದುರಿಗೆ ಬರುತ್ತವೆ. 1927ರಲ್ಲಿ ವಿಳಾಸ ಸಿಗುವುದೇ ಕಷ್ಟ. ಈಗ ಆರಿಸುವುದು ಕಷ್ಟ. ಸೇರಿದ ಮೊದಲ ದಿನವೇ ಬಾಯಿ ಬಿಡದೆ ಒಂದೆರಡು ವಾರ ಸುಮ್ಮನೆ ಓದುತ್ತಿರುವುದು ಯೂಸ್‌ನೆಟ್ ಕಾಲದಿಂದಲೂ ಬಂದ ಬುದ್ಧಿಮಾತು. ಓದುವಾಗ ನೋಡಬೇಕಾದದ್ದು ಸದಸ್ಯರ ಸಂಖ್ಯೆಯನ್ನಲ್ಲ. ನಿನ್ನೆ ಬಂದವನೊಬ್ಬ ಪೆದ್ದು ಪ್ರಶ್ನೆ ಕೇಳಿದಾಗ ಹಳಬರು ಏನು ಹೇಳಿದರು? ‘ಇಷ್ಟೂ ಗೊತ್ತಿಲ್ಲದೆ ಅಭಿಮಾನಿ ಎನ್ನುತ್ತೀಯಾ’ ಎಂದರೆ, ಅಥವಾ ಉತ್ತರ ಕೊಟ್ಟು ಇನ್ನೊಂದು ಪುಸ್ತಕದ ಹೆಸರೂ ಹೇಳಿದರೆ? ಜಗಳವಾದಾಗ ತಡೆಯಲು ಯಾರಾದರೂ ಇದ್ದಾರೆಯೇ, ನಿಯಮ ಬರೆದಿಟ್ಟಿದ್ದಾರೆಯೇ, ಆ ನಿಯಮ ಹಳೆಯ ಸದಸ್ಯನಿಗೂ ಅನ್ವಯಿಸುತ್ತದೆಯೇ? ಹೆಣ್ಣು ಹೆಸರಿನವರ ಮಾತಿಗೆ ಬರುವ ಉತ್ತರಗಳ ಧಾಟಿ ಬೇರೆಯಾಗಿದೆಯೇ? ನಟನೊಬ್ಬನ ಅಭಿಮಾನಿಗಳ ಗುಂಪಿನಲ್ಲಿ ಇನ್ನೊಬ್ಬ ನಟನನ್ನು ಹೀಯಾಳಿಸುವುದೇ ದಿನಚರಿಯಾಗಿದ್ದರೆ ಅಲ್ಲಿ ಸ್ವಾಗತ ಸಿಕ್ಕರೂ ಅದರ ಬೆಲೆ ನಾಳೆ ತೆರಬೇಕಾಗುತ್ತದೆ. ಇನ್ನು ಗರ್ನ್ಸ್‌ಬ್ಯಾಕ್‌ನ ಕಾಲದಂತೆ ಮನೆ ವಿಳಾಸ, ಫೋನ್ ನಂಬರು ಕೊಡುವುದಂತೂ ಈಗ ಸಲ್ಲದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು.

ಕ್ಯಾರವಾನ್ ಹಾಲಿನ ಹೊರಗೆ ನಿಂತಿದ್ದ ಆರು ಮಂದಿ ಏನಾದರು? ವೊಲ್‌ಹೈಮ್ 1971ರಲ್ಲಿ ತಮ್ಮದೇ ಪ್ರಕಾಶನ ಸಂಸ್ಥೆ ಸ್ಥಾಪಿಸಿ ನೂರಾರು ಲೇಖಕರನ್ನು ಬೆಳಕಿಗೆ ತಂದರು. ಕಾರ್ನ್‌ಬ್ಲೂತ್ ಒಳ್ಳೆಯ ಕತೆಗಳನ್ನು ಬರೆದು 34ನೇ ವಯಸ್ಸಿನಲ್ಲೇ ತೀರಿಕೊಂಡರು. ಪೋಲ್ ಕಾದಂಬರಿಕಾರರಾಗಿ, ‘ಗ್ಯಾಲಕ್ಸಿ’ ಪತ್ರಿಕೆಯ ಸಂಪಾದಕರಾಗಿ ದೊಡ್ಡ ಹೆಸರು ಗಳಿಸಿದರು. ಪ್ರಶಸ್ತಿಗಳ ರಾಶಿಯೇ ಬಂತು. ವಯಸ್ಸು ತೊಂಬತ್ತರ ಹತ್ತಿರ ಬಂದಾಗ ಇಂಟರ್ನೆಟ್ಟಿನಲ್ಲಿ ಹಳೆಯ ದಿನಗಳ ನೆನಪುಗಳನ್ನು, ಫ್ಯೂಚರಿಯನ್ ಗೆಳೆಯರ ಕತೆಗಳನ್ನು ಬರೆಯತೊಡಗಿದರು. ಯಾವ ಸಂಭಾವನೆಯೂ ಇಲ್ಲದ, ಹುಡುಗಾಟದ ಕಾಲದ ಸೈಕ್ಲೋಸ್ಟೈಲ್ ಪತ್ರಿಕೆಯಂಥದೇ ಬರವಣಿಗೆ. 2010ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ, 1939ರಲ್ಲಿ ಯಾವ ಸಮ್ಮೇಳನದ ಬಾಗಿಲಿಂದ ಹಿಂದಿರುಗಿದ್ದರೋ ಅದೇ ಸರಣಿಯ ಸಮ್ಮೇಳನದಲ್ಲಿ, ಫ್ರೆಡರಿಕ್ ಪೋಲ್ ಅವರಿಗೆ ಆ ವರ್ಷದ ಅತ್ಯುತ್ತಮ ಅಭಿಮಾನಿ ಲೇಖಕ ಎಂಬ ಹ್ಯೂಗೋ ಪ್ರಶಸ್ತಿ ಘೋಷಿಸಲಾಯಿತು. ಆಗ ಅವರಿಗೆ ತೊಂಬತ್ತು ವರ್ಷ.